ಹಳದಿ ನೀರಿನ ಪುಂಡಿಪಲ್ಯ

ಮೊದಲು ಸೋತದ್ದು ನನ್ನ ಎಡಗೈ.

ನಾನು ಎಮ್ಮಿಗನೂರಿನ ನೇಕಾರ, ಅದರ ಮೇಲೆ ಮನೆ ಅಳಿಯ. ನಮ್ಮತ್ತೆ ಸೆರಗು ಹೊದ್ದು ನನಗೆ ಬಡಿಸುವರೇ ಹೊರತು ನನ್ನೊಡನೆ ಮಾತಾಡುವವರಲ್ಲ. ಹೇಳುವುದಿದ್ದರೆ ನನ್ನ ಹೆಂಡತಿ ನೀಲಮ್ಮನಿಗೆ ಹೇಳುವರು. ನಾನು ಬಾಯಲ್ಲಿ ಸಾಕೆಂದರೆ ಅದು ಅಳಿಯನ ಸಂಕೋಚವೆಂದೇ ಅವರ ಎಣಿಕೆ. ತಾಟಿನ ಮೇಲೆ ಎಡಗೈ ಅಡ್ಡ ಹಿಡಿದರೆ ಮಾತ್ರ ನಿಜವಾದ ಸಾಕು. ಅವತ್ತೂ ಹಿಡಿದೆ. ಕೈ ಮಣಿಕಟ್ಟಿನಿಂದ ಜೋತುಬಿತ್ತು. ಬೆರಳುಗಳು ನೇರ ತಾಟನ್ನೇ ತೋರಿಸಿದವು.

ಅತ್ತೆ ಇನ್ನೆರಡು ಸೌಟು ಪುಂಡಿಪಲ್ಯ ಬಡಿಸಿದರು.

ಅದಕ್ಕೂ ಮೊದಲೇ ಹೊಟ್ಟೆ ಹಿಂಡುತ್ತಿತ್ತು. ಹೊರಕಡೆ ಹೋಗುವುದೇ ನಿಂತಿತ್ತು.

"ನೀಲಾ, ನಿನ್ನ ಗಂಡಗ ಹೊಟ್ಟಿ ಕಟ್ಟೈತಿ. ಪಲ್ಯ ಹೆಚ್ಚಿಗಿ ತಿನ್ನಾಕ ಹೇಳು, ಸಡ್ಲ ಆಕೈತಿ."

ಹೆಚ್ಚಿಗೆ ತಿಂದೆ. ನಮ್ಮ ಹಿತ್ತಲಿಗೆ ಹೊಂದಿಕೊಂಡು ನೂಲಿಗೆ ಬಣ್ಣ ಹಾಕುವ ಕೊಟ್ಟಿಗೆಯಿತ್ತು. ಅಲ್ಲಿಂದ ಕೆಂಪು ನೀರು, ಕರಿ ನೀರು ಬಂದರೆ ಅತ್ತೆ ಮಣ್ಣೊಡ್ಡಿ ಬೀದಿಗೆ ತಿರುಗಿಸುವರು. ಹಳದಿ ನೀರಿಗೆ ಮಾತ್ರ ಪುಂಡಿ ಸೊಪ್ಪಿನ ಮಡಿಯೊಳಗೆ ಸ್ವಾಗತ. ಅರಿಶಿನದ ಬಣ್ಣ, ಮಂಗಳದ್ದು, ಮೈಗೂ ಒಳ್ಳೆಯದು ಎಂದು ಅವರ ನಂಬಿಕೆ. ನನ್ನದೂ ಅದೇ. ಸೊಪ್ಪೂ ಸೊಂಪಾಗಿ ಬರುತ್ತಿತ್ತು. ಹುಳಿ ಅತ್ತೆಗೆ ಆಗುತ್ತಿರಲಿಲ್ಲ, ಮಗಳಿಗೆ ಅವರು ಉಳಿಸುತ್ತಿರಲಿಲ್ಲ. ಎಲ್ಲವೂ ಅಳಿಯನಿಗೆ.

ಆಮೇಲೆ ಬಲಗೈಯೂ ಸೋತಿತು.

ಲಾಳಿಯ ಹಗ್ಗ ಎಳೆಯಲಾಗದೆ ಮಗ್ಗ ನಿಂತಿತು. ನಾನು ನಿಜವಾಗಿ ಹೆದರಿದೆ. ಕೈ ಬಿದ್ದ ನೇಕಾರನನ್ನು, ಅದರಲ್ಲೂ ಮನೆ ಅಳಿಯನನ್ನು, ಎಷ್ಟು ದಿನ ಕೂಡಿಸಿ ಉಣಿಸಿಯಾರು?

ಆದೋನಿ ಆಸ್ಪತ್ರೆಯ ಡಾಕ್ಟರ್ ನನ್ನ ಕೆಳದುಟಿ ಎಳೆದು ನೋಡಿದರು. ಒಸಡಿನ ಅಂಚಿಗೆ ನೀಲಿ ಗೆರೆಯಿತ್ತು.

"ಏಮಯ್ಯಾ, ರಂಗು ಪನಿ ಚೇಸ್ತಾವಾ?" ಬಣ್ಣದ ಕೆಲಸವೇ ಎಂದು ಕೇಳಿದರು.

"ಇಲ್ರಿ ಸರ, ನೇಯಾಂವ."

ವಾರ್ಡಿನಲ್ಲಿ ಮಲಗಿಸಿದರು. ಇಂಜೆಕ್ಷನ್, ಹಾಲು, ಬ್ರೆಡ್ಡು. ಹೊಟ್ಟೆ ತಣ್ಣಗಾಗುತ್ತ ಬಂತು. ಅಷ್ಟರಲ್ಲಿ ನೀಲಮ್ಮ ಅವ್ವ ಕೊಟ್ಟ ಡಬ್ಬಿ ಹಿಡಿದು ಬಸ್ಸಿಳಿದು ಬಂದಳು. ಒಳಗೇನಿದೆ ಎಂದು ಹೇಳಬೇಕಾಗಿಯೇ ಇಲ್ಲ.

ರೌಂಡ್ಸಿಗೆ ಬಂದ ಡಾಕ್ಟರ್ ಡಬ್ಬಿ ನೋಡಿ, "ಎಲ್ಲೀ ಸೊಪ್ಪಮ್ಮಾ?" ಎಂದರು.

"ನಮ್ಮ ಹಿತ್ತಲದ್ರಿ. ಬಣ್ಣದ ಹಳದಿ ನೀರಿಲೆ ಬೆಳಸೀವ್ರಿ," ಎಂದಳು, ಹೆಮ್ಮೆಯಿಂದ.

ಡಾಕ್ಟರ್ ತಾವೇ ಮುಚ್ಚಳ ಮುಚ್ಚಿದರು. "ಆ ಹಳದಿಯಾಗ ಲೆಡ್ ಐತಮ್ಮ, ಸೀಸ. ಮಣ್ಣಿಗಿಳದು ಸೊಪ್ಪಿಗಿ ಹತ್ತೈತಿ. ಒಸಡಿನ ನೀಲಿ ಗೆರಿ, ಹೊಟ್ಟಿ ಕಟ್ಟಿದ್ದು, ಕೈ ಬಿದ್ದದ್ದು ಎಲ್ಲಾ ಅದರಿಂದನ. ಇನ್ನ ಆ ಮಣ್ಣಾಗ ಏನೂ ಬೆಳೀಬ್ಯಾಡ್ರಿ."

ನಾನು ಮನೆಗೆ ಬರುವಷ್ಟರಲ್ಲಿ ಪುಂಡಿ ಮಡಿ ಬೋಳಾಗಿತ್ತು. ಅತ್ತೆ ಸೀದಾ ನನ್ನೆದುರು ಬಂದು ನಿಂತರು. ಮೊದಲ ಸಲ ನನ್ನೊಡನೆ ಮಾತಾಡಿದರು.

"ಅಳಿಯಾರ, ನಾನ ನಿಮಗ ವಿಷ ಉಣಿಸಿದ್ನೇನ್ರೀ?"

ಅವರು ಅಳುತ್ತಿದ್ದರು. ನನಗೂ ದುಃಖ ಉಕ್ಕಿ ಬಂತು.

"ನೀವು ಅಕ್ಕರತಿಲೆ ಉಣಿಸೀರಿ ಅತ್ತಿ. ಹಳದಿ ನೋಡಿ ನಾನೂ ನಂಬಿದಾಂವನ."

ಮಗ್ಗಕ್ಕೆ ಇನ್ನೂ ಕೂತಿಲ್ಲ. ಬಲಗೈಯಲ್ಲಿ ಹಗ್ಗ ಹಿಡಿಯುತ್ತೇನೆ, ಎಳೆಯಲು ಸ್ವಲ್ಪ ತಾಳಬೇಕು ಎಂದಿದ್ದಾರೆ ಡಾಕ್ಟರ್. ನಿನ್ನೆ ಮಧ್ಯಾಹ್ನ ಮಜ್ಜಿಗೆ ಅನ್ನ ಉಣ್ಣುತ್ತ ತಾಟಿನ ಮೇಲೆ ಎಡಗೈ ಅಡ್ಡ ಹಿಡಿದೆ. ನಡುಗಿತು. ಆದರೆ ಜೋತು ಬೀಳಲಿಲ್ಲ.

"ನೀಲಾ, ಬಾ ಇಲ್ಲೆ! ಕೈ ನಿಂತೈತಿ ನೋಡು!" ಅತ್ತೆ ಕಣ್ಣೊರೆಸಿಕೊಂಡು ಕೂಗಿದರು. ಆ ಸಂತೋಷಕ್ಕೆ ನನ್ನ ಕೈ ಪಕ್ಕಕ್ಕೆ ಸರಿಸಿ, ಇನ್ನೊಂದು ಸೌಟು ಅನ್ನ ಹಾಕಿದರು.