ಕಂಡಕ್ಟರ ಮನೆಯ ಕಾರು

ಮಧುಗಿರಿಯಲ್ಲಿ ನಮ್ಮ ಪಕ್ಕದ ಮನೆಯವರು ಬಸ್ ಕಂಡಕ್ಟರು. ಊಟ ಮುಗಿದರೂ ‘ರೈಟ್’ ಅನ್ನುವರು, ಕರೆಂಟು ಬಂದರೂ ‘ರೈಟ್’ ಅನ್ನುವರು. ಅವರ ಹೆಂಡತಿ ಟೀಚರು. ಆಕೆಗೆ ಕೊರಟಗೆರೆ ಕಡೆ ಬಸ್ಸೇ ಹೋಗದ ಒಂದು ಹಳ್ಳಿಗೆ ವರ್ಗವಾಯಿತು.

ಕಂಡಕ್ಟರು ಶಿರಾದಿಂದ ಹಳೆಯ ಸಣ್ಣ ಕಾರೊಂದನ್ನು ಟೆಂಪೋದಲ್ಲಿ ಹೇರಿಸಿಕೊಂಡು ಬಂದರು. ಹಿಂದಿನ ಸೀಟಿನಲ್ಲಿ ಕೋಳಿಯೊಂದು ಕಾವು ಕೂತಿತ್ತು.

“ಮೊದ್ಲೇ ಸೀಟು ಹಿಡ್ಕಂಡು ಕುಂತೈತೆ ಕಣಪ್ಪ, ಎಬ್ಬಿಸ್ಬಾರ್ದು” ಎಂದರು.

ಮರಿ ಹೊರಬರುವ ತನಕ ಮುಂದಿನ ಅರ್ಧ ಕಾರಿಗಷ್ಟೇ ರಿಪೇರಿ ನಡೆಯಿತು. ಆಮೇಲೆ ಬ್ರೇಕು ಹಿಡಿಯಿತು, ತೂತುಬಿದ್ದ ತಳಕ್ಕೆ ತಗಡು ಬಂತು. ಬ್ಯಾಟರಿ ಮಾತ್ರ ಹಳೆಯದೇ ಉಳಿಯಿತು. ಕಂಡಕ್ಟರಿಗೆ ಓಡಿಸಲು ಬರದು, ಟೀಚರೇ ಕಲಿತರು.

ಮೊದಲ ದಿನ ಕಂಡಕ್ಟರೂ ನಾನೂ ತಳ್ಳುವುದು, ಎಂಜಿನ್ ಹಿಡಿದೊಡನೆ ಅವರು ಓಡಿ ಹತ್ತಿಕೊಂಡು ಡಿಪೋದ ಹತ್ತಿರ ಇಳಿಯುವುದು ಎಂದು ಮಾತಾಗಿತ್ತು. ಎಂಜಿನ್ ಹಿಡಿಯಿತು. ಕಂಡಕ್ಟರು ಡಿಕ್ಕಿಯ ಮೇಲೆ ಎರಡು ಏಟು ಹಾಕಿ “ರೈಟ್!” ಎಂದುಬಿಟ್ಟರು. ಕಾರು ಹೊರಟೇ ಹೋಯಿತು. ಅವರ ಚಪ್ಪಲಿ, ಬ್ಯಾಗು ಎಲ್ಲ ಒಳಗಿದ್ದವು.

“ನಿಲ್ಸೋಕೆ ಕೂಗಿ ಸಾರ್!” ಎಂದೆ.

“ರೈಟ್ ಅಂದ್ಮ್ಯಾಲೆ ಆಯ್ತು ಕಣಪ್ಪ” ಎಂದು ಗಡಿಯಾರ ನೋಡಿಕೊಂಡರು. “ಟೈಮಿಗೆ ಸರ್ಯಾಗಿ ಬುಡ್ತು.” ಬರಿಗಾಲಲ್ಲೇ ಡಿಪೋ ಕಡೆ ನಡೆದರು.

ಮುಂದೆ ಹೊಸ ಬ್ಯಾಟರಿ ಬಂತು, ತಳ್ಳುವ ಕೆಲಸ ತಪ್ಪಿತು. ಆದರೂ ಟೀಚರು ಬೆಳಿಗ್ಗೆ ಎಂಜಿನ್ ಚಾಲೂ ಮಾಡಿ, ಕನ್ನಡಿ ನೋಡುತ್ತ ಕೂತಿರುತ್ತಿದ್ದರು. ಕಂಡಕ್ಟರು ಬಂದು ಡಿಕ್ಕಿಗೆ ಎರಡು ಏಟು ಹಾಕುವ ತನಕ ಆಕೆ ಗೇರ್ ಹಾಕುತ್ತಿರಲಿಲ್ಲ.