ತೋಪಡದ ಅಡಿಯ ಬೆಳಕು

ಅಟ್ಟದಿಂದ ಹಳೆಯ ಪಾತ್ರೆ ಇಳಿಸುವಾಗ ತೋಪಡ ಸಿಕ್ಕಿತು. ಮರ ಹೆರೆದು ನುಣುಪು ಮಾಡುವ, ಮೊಳದುದ್ದದ ಬಡಗಿ ಸಾಮಾನು. ಅಲಗು ತುಕ್ಕು ಹಿಡಿದಿದೆ. ಮೂಗಿಗೆ ಹಿಡಿದರೆ ಹರಳೆಣ್ಣೆಯ ವಾಸನೆ ಮಾತ್ರ ಇನ್ನೂ ಇದೆ... ಅಯ್ಯೋ, ಮೂಸಿ ನೋಡಬಾರದಿತ್ತು ನಾನು.

ಅದು ನಮ್ಮ ಪಕ್ಕದ ಮನೆ ಆಚಾರ್ರದ್ದು. ನಾನು ಮದ್ದೂರಿಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ. ಹೆಂಡತಿ ತೀರಿಹೋಗಿ ಆಚಾರ್ರು ಒಬ್ಬರೇ ಇದ್ದರು. ಕಣ್ಣಿಗೆ ಪೊರೆ ಬಂದಿತ್ತು. ಅದು ಗೊತ್ತಿದ್ದದ್ದು ನನಗೊಬ್ಬಳಿಗೇ. ಒಂದು ದಿನ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನಮ್ಮತ್ತೆ ಅಂದುಕೊಂಡು ಮಾತಾಡಿಸಿ ಸಿಕ್ಕಿಬಿದ್ದಿದ್ದರು.

"ಯಾರ್ಗೂ ಯೋಳ್ಬ್ಯಾಡ ಕಣವ್ವ. ಕಣ್ ಓಗ್ಬುಟ್ಟದೆ ಅಂತ ಗೊತ್ತಾದ್ರೆ ಇನ್ಯಾರು ಕೆಲ್ಸ ಕೊಟ್ಟಾರು?"

ತಿಂಗಳುಗಟ್ಟಲೆ ಸುಮ್ಮನೆ ಕೂತ ಮೇಲೆ ನಿಡಘಟ್ಟದ ಗೌಡರೊಬ್ಬರು ಹೊಸ ಮನೆಗೆ ತಲೆಬಾಗಿಲು ಮಾಡಲು ಹೇಳಿದರು. ಅಷ್ಟರಲ್ಲಿ ಸೂರು ಸೋರಿ, ತೋಪಡ ನೆನೆದು, ಅದರ ಅಡಿ ಬಾಗಿಹೋಗಿತ್ತು. ಅಡಿ ಸಮ ಇಲ್ಲದ ತೋಪಡದಲ್ಲಿ ಹೆರೆದರೆ ಹಲಗೆಗೆ ಹಲಗೆ ಕೂಡುವುದಿಲ್ಲ. ಆಚಾರ್ರು ಜಗಲಿಯ ಚಪ್ಪಡಿ ಮೇಲೆ ಶಿಂಷೆ ಹೊಳೆಯ ಮರಳು ಹರಡಿ, ತೋಪಡದ ಅಡಿಯನ್ನು ಉಜ್ಜಲು ಕೂತರು. ಒಂದಷ್ಟು ಉಜ್ಜುವುದು, ಅಡಿಗೆ ಕಬ್ಬಿಣದ ಪಟ್ಟಿ ಆನಿಸಿ ಬಿಸಿಲಿಗೆ ಎತ್ತುವುದು, ನನ್ನನ್ನು ಕೂಗುವುದು. ಪಟ್ಟಿಯ ಸಂದಿನಲ್ಲಿ ಬೆಳಕು ತೂರಿದರೆ ಅಡಿ ಇನ್ನೂ ಸಮ ಆಗಿಲ್ಲ ಅಂತ.

"ಬೆಳಕು ಕಾಣ್ತದೇನವ್ವ?"

"ನಡುಮಧ್ಯ ಕಾಣ್ತದೆ ಆಚಾರ್ರೆ."

ಮತ್ತೆ ಉಜ್ಜುವುದು. ಎರಡು ದಿನ ಇದೇ. ಬೆರಳ ಗೆಣ್ಣು ತರಚಿ ಮರಳು ಕೆಂಪಾಗಿತ್ತು. ಏದುಸಿರು ಬಂದಾಗ ಗೋಡೆಗೆ ಒರಗುವರು. "ಇದೊಂದ್ ಬಾಗ್ಲು ಆಗ್ಬುಟ್ರೆ ಸಾಕು ಕಣವ್ವ..." ಅಂದು ಮತ್ತೆ ಬಾಗುವರು.

ಮೂರನೆಯ ದಿನ ನನ್ನ ಒಲೆಯ ಮೇಲೆ ಎಸರು ಉಕ್ಕುತ್ತಿತ್ತು, ಅತ್ತೆ ಒಳಗಿಂದ ಕೂಗುತ್ತಿದ್ದರು. ಅದೇ ಹೊತ್ತಿಗೆ ಆಚಾರ್ರೂ ಕರೆದರು. ಓಡಿಹೋಗಿ ನೋಡಿದೆ. ಕೂದಲೆಳೆಯಷ್ಟು ಬೆಳಕು ನಡುವೆ ಇತ್ತು. ಇತ್ತು! ಕಣ್ಣಾರೆ ಕಂಡೆ.

"ಇಲ್ಲ ಬುಡಿ, ಎಲ್ಲೂ ಕಾಣಾಕಿಲ್ಲ" ಅಂದೆ.

"ನಿನ್ ಒಟ್ಟೆ ತಣ್ಣಗಿರ್ಲಿ ಕಣವ್ವ" ಅಂದರು. ಎಷ್ಟೋ ದಿನಕ್ಕೆ ನಕ್ಕರು, ಪಾಪ.

ಬಾಗಿಲು ಮುಗಿದ ದಿನ ಗೌಡರು ಗಾಡಿ ಕಟ್ಟಿಸಿಕೊಂಡು ಬಂದರು. ಬಾಗಿಲನ್ನು ಬಿಸಿಲಿಗೆ ನಿಲ್ಲಿಸಿ ನೋಡಿದರು. ಹಲಗೆಗಳು ನಡುವೆ ಕೂಡಿದ್ದವು. ಮೇಲೂ ಕೆಳಗೂ ರಾಗಿಕಾಳು ತೂರುವಷ್ಟು ಬಿರುಕು.

"ಏನ್ ಆಚಾರ್ರೆ, ಕಣ್ ಕಾಣಾಕಿಲ್ವಾ ನಿಮ್ಗೆ?"

ನಾನು ಬಿಂದಿಗೆ ಹಿಡಿದು ಅಲ್ಲೇ ನಿಂತಿದ್ದೆ. ಬೆಳಕು ಕಂಡೂ ಕಾಣಲ್ಲ ಅಂದವಳು ನಾನು ಅನ್ನಬಹುದಿತ್ತು. ಬಿಂದಿಗೆಯನ್ನು ಸೊಂಟಕ್ಕೆ ಏರಿಸಿಕೊಂಡೆ, ದರಿದ್ರದವಳು. ಆಚಾರ್ರಾದರೂ ಅನ್ನಬಹುದಿತ್ತು. ಒಮ್ಮೆ ನನ್ನ ಕಡೆ ತಿರುಗಿದರು, ಅಷ್ಟೆ.

"ಊಂ ಗೌಡ್ರೆ. ಪೊರೆ ಬಂದದೆ" ಅಂದರು.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಆಮೇಲೆ ಯಾರೂ ಕೆಲಸ ಹಿಡಿದು ಅವರ ಜಗಲಿ ಹತ್ತಲಿಲ್ಲ. ಮಳವಳ್ಳಿಯ ಮಗಳ ಮನೆಗೆ ಹೊರಟ ಬೆಳಿಗ್ಗೆ ತೋಪಡ ತಂದು ನನ್ನ ಕೈಗಿಟ್ಟರು.

"ಒಲೆಗಾಕ್ಕೊ ಕಣವ್ವ. ಒಣಗಿರೋ ಮರ, ಚೆನ್ನಾಗಿ ಉರೀತದೆ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೈಯಲಿಲ್ಲ. ಆ ವರ್ಷವೇ ಅಲ್ಲಿ ತೀರಿಹೋದರಂತೆ...

ನನಗೂ ಪೊರೆ ಬಂದಿತ್ತು, ತೆಗೆಸಿದ್ದಾಯಿತು. ಈಗ ಚೆನ್ನಾಗಿ ಕಾಣುತ್ತದೆ. ಇವತ್ತು ತೋಪಡದ ಅಡಿಗೆ ಮೊಮ್ಮಗಳ ಸ್ಕೇಲು ಆನಿಸಿ ಕಿಟಕಿಗೆ ಹಿಡಿದೆ.

"ಕಾಣ್ತದೆ ಆಚಾರ್ರೆ" ಅಂದೆ, ಗಟ್ಟಿಯಾಗಿಯೇ. "ನಡುಮಧ್ಯ ಇನ್ನೂ ಕಾಣ್ತದೆ."

ಕೇಳಿಸಿಕೊಳ್ಳಲು ಅವರಿರಲಿಲ್ಲ.