ದಡದಲ್ಲಿ ಯಾರೂ ಇಲ್ಲ

ಹಿಂದಿನಿಂದ ನೋಡಿದರೆ ಅವರ ಹೆಗಲು ಗಂಡಸಿನ ಹೆಗಲಿನಷ್ಟೇ ಅಗಲ. ತಂದೆಯ ಹಳೆಯ ಖಾಕಿ ಕೋಟು ತೊಟ್ಟು ತೋಟದಲ್ಲಿ ನಡೆಯುವಾಗ ಹೊಸ ಆಳುಗಳು ‘ಸಾರ್’ ಎಂದು ಕೂಗುತ್ತಿದ್ದರು. ಅವರು ತಿರುಗಿ ನಗುತ್ತಿದ್ದರು. ಆದರೆ ಬಲಗೈ ಕಿವಿಯ ಮಟ್ಟ ದಾಟಿ ಮೇಲೇಳುತ್ತಿರಲಿಲ್ಲ. ಎತ್ತರದ ಕಾಫಿ ಕೊಂಬೆಯನ್ನು ಎಡಗೈಯಲ್ಲೇ ಬಗ್ಗಿಸುತ್ತಿದ್ದರು.

ನಾವೆಲ್ಲ ಅಕ್ಕಾವ್ರು ಎನ್ನುತ್ತಿದ್ದೆವು. ದೇಶದ ಪರವಾಗಿ ಈಜಿದವರು. ಭುಜ ಕೈಕೊಟ್ಟ ಮೇಲೆ ಬಣಕಲ್ ಹತ್ತಿರದ ಈ ತೋಟಕ್ಕೆ ವಾಪಸು ಬಂದು ಒಬ್ಬರೇ ಇದ್ದರು. ಬೆಳಗಿನಿಂದ ಕತ್ತಲಾಗುವವರೆಗೆ ದುಡಿಮೆ. ಸಂಜೆ ಕೆರೆ ಏರಿಯ ಮೇಲೆ ಕೂರುತ್ತಿದ್ದರು, ನೀರಿಗೆ ಬೆನ್ನು ಹಾಕಿ. ಅಷ್ಟು ಈಜಿದವರು ಕೆರೆಗೆ ಕಾಲು ಸಹ ಇಳಿಬಿಟ್ಟಿದ್ದನ್ನು ನಾವು ನೋಡಿರಲಿಲ್ಲ.

ನಾನು ಆ ಕೆರೆಯ ಪಂಪು ನೋಡಿಕೊಳ್ಳುವವನು. ಆರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಕೆಲಸವನ್ನು ಕಣ್ಣಲ್ಲಿ ನೋಡಿಯೇ ಕಲಿತೆ, ಯಾರ ಹತ್ತಿರವೂ ಹೇಳಿಸಿಕೊಂಡಿಲ್ಲ.

ಒಂದು ಬೇಸಿಗೆ, ಕಾಫಿ ಮೊಗ್ಗು ಅರಳಲೆಂದು ಸ್ಪ್ರಿಂಕ್ಲರಿನಲ್ಲಿ ಹೂವಿನ ನೀರು ಹಾರಿಸುತ್ತಿದ್ದಾಗ ಪಂಪು ನೀರೆಳೆಯುವುದನ್ನು ನಿಲ್ಲಿಸಿತು. ಕೆರೆಯ ತಳದಲ್ಲಿ ಪೈಪಿನ ಬಾಯಿಗೆ ಕಸ ಕಟ್ಟಿತ್ತು. ಅರೆಬರೆ ನೀರು ಕುಡಿದ ಮೊಗ್ಗು ಅರಳದೆ ಕರಟಿಹೋಗುತ್ತದೆ, ವರ್ಷದ ಫಸಲೇ ಹೋದ ಹಾಗೆ. ನಾನು ಸೊಂಟಕ್ಕೆ ಹಗ್ಗ ಬಿಗಿದು ನಿಂತೆ. ಈಜು ಬರುತ್ತದೆಯೇ ಎಂದು ಅಕ್ಕಾವ್ರು ಕೇಳಿದರು. ಬರುವುದಿಲ್ಲ, ಹಗ್ಗ ಇದೆಯಲ್ಲ ಎಂದೆ. ಅವರು ಸ್ವಲ್ಪ ಹೊತ್ತು ನೀರನ್ನೇ ನೋಡಿದರು. ಆಮೇಲೆ ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟರು.

“ಬಿಚ್ಚಿ ಅದನ್ನ, ಮಾರಾಯ್ರೆ. ಹಗ್ಗ ನಂಗೆ ಕಟ್ಟಿ, ನೀವು ಹಿಡ್ಕಳಿ.”

ಮುಳುಗಿದವರು ಎಷ್ಟು ಹೊತ್ತಾದರೂ ಏಳಲಿಲ್ಲ. ಹಗ್ಗ ಎಳೆದೇಬಿಡೋಣ ಅನ್ನುವಷ್ಟರಲ್ಲಿ ತಲೆ ಕಂಡಿತು, ಕೈತುಂಬ ಕೊಳೆತ ಎಲೆ. ಉಸಿರು ತೆಗೆದುಕೊಂಡವರೇ ದಡದ ಉದ್ದಕ್ಕೂ ಕಣ್ಣಾಡಿಸಿದರು.

“ಮನೆ ಕಡೆಯಿಂದ ಯಾರಾದ್ರೂ ಬಂದ್ರಾ?”

“ಯಾರೂ ಬಂದಿಲ್ಲ ಅಕ್ಕಾವ್ರೆ.”

ಅವರು ದಡ ಹತ್ತಲಿಲ್ಲ. ಅಂಗಾತ ಮಲಗಿ ಆಕಾಶ ನೋಡುತ್ತಾ ತೇಲಿದರು.

ಆ ಪ್ರಶ್ನೆ ಯಾಕೆಂದು ಅವರೇ ಒಮ್ಮೆ ಹೇಳಿದರು. ದೊಡ್ಡ ಸ್ಪರ್ಧೆಯ ದಿನ ಬೆಳಿಗ್ಗೆಯೇ ಅವರ ತಂದೆ ತೀರಿಕೊಂಡಿದ್ದರು. ಮಗಳು ನೀರಿನಿಂದ ಮೇಲೆ ಬಂದ ನಂತರ ತಿಳಿಸಿದರಾಯಿತು ಎಂದು ಹಿರಿಯರು ನಿಶ್ಚಯಿಸಿದ್ದರಂತೆ. ಗೆದ್ದು ತಲೆಯೆತ್ತಿದಾಗ ದಡದಲ್ಲಿ ಚಿಕ್ಕಪ್ಪ. ತನ್ನ ಈಜು ನೋಡಲು ಬಂದಿದ್ದಾರೆಂದು ಇವರು ಖುಷಿಯಿಂದ ಕೈಬೀಸಿದರು. ಚಿಕ್ಕಪ್ಪ ತಲೆ ತಗ್ಗಿಸಿದರು. ಆಮೇಲೂ ಅಕ್ಕಾವ್ರು ಕೆಲವು ವರ್ಷ ಈಜಿದರು, ಇನ್ನೂ ಗೆದ್ದರು. ಆದರೆ ನೀರಿನಿಂದ ತಲೆಯೆತ್ತುವಾಗಲೆಲ್ಲ ದಡದಲ್ಲಿ ಮನೆಯವರು ಯಾರಾದರೂ ನಿಂತಿದ್ದಾರೆಯೇ ಎಂದು ಹೆದರಿ ಹುಡುಕುತ್ತಿದ್ದರಂತೆ.

ಪೈಪಿನ ಕಸ ತೆಗೆದ ಆ ದಿನದಿಂದ ಸಂಜೆ ಒಂಟಿ ಕೈಯಲ್ಲಿ ಈಜತೊಡಗಿದರು. ನಾನು ಪಂಪ್‌ಹೌಸಿನ ಕಟ್ಟೆಯ ಮೇಲೆ ಕೂರುತ್ತಿದ್ದೆ. ಎದ್ದಾಗಲೆಲ್ಲ ಅದೇ ಪ್ರಶ್ನೆ, ಅದೇ ಉತ್ತರ. “ಹಂಗಾದ್ರೆ ಇನ್ನೊಂದು ಸುತ್ತು,” ಎಂದು ಮತ್ತೆ ಮುಳುಗುವರು. ಬರುವವರು ನಿಜಕ್ಕೂ ಯಾರೂ ಇರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ನನಗೂ ಈಜು ಕಲಿಸಿದರು. ಪಂಪಿನ ಮೇಸ್ತ್ರಿ ಒಲಿಂಪಿಕ್ಸಿಗೆ ಹೊರಟಿದ್ದಾನೆ ಎಂದು ಆಳುಗಳು ನಕ್ಕರು. ನಕ್ಕರೆ ನಗಲಿ ಎಂದು ಬಿಟ್ಟೆ. ಇನ್ನೊಬ್ಬರಿಂದ ಹೇಳಿಸಿಕೊಂಡು ನಾನು ಕಲಿತ ವಿದ್ಯೆ ಅದೊಂದೇ. “ನೀರಿನ ಹತ್ರ ಜಗಳ ಬೇಡ. ಮೈ ಬಿಡಿ, ಅದೇ ಹೊತ್ಕಳುತ್ತೆ,” ಎನ್ನುತ್ತಿದ್ದರು.

ಕೆಲವು ವರ್ಷಗಳ ನಂತರ ಅಕ್ಕಾವ್ರು ಕಾಯಿಲೆ ಬಿದ್ದರು. ಅದು ಜೋರಾಗಿ ಅವರನ್ನು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ದದ್ದೂ ಹೂವಿನ ನೀರಿನ ಸಮಯದಲ್ಲೇ. ಜೀಪು ಹತ್ತುವಾಗ, ಏನೇ ಆಗಲಿ ಪಂಪು ನಿಲ್ಲಿಸಬೇಡಿ ಎಂದರು.

ಪೈಪಿಗೆ ಮತ್ತೆ ಕಸ ಕಟ್ಟಿತು. ಈ ಸಲ ನಾನೇ ಮುಳುಗಿದೆ. ಎಲೆ ಕಿತ್ತು ಮೇಲೆ ಬಂದಾಗ ದಡದಲ್ಲಿ ನನ್ನ ಹೆಂಡತಿ ಮೊಬೈಲು ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ಕಾಯುತ್ತಿದ್ದಳೋ. ಅವಳು ತಲೆ ತಗ್ಗಿಸಿದಳು.

ಮೈ ಬಿಟ್ಟೆ. ನೀರು ಹೊತ್ತುಕೊಂಡಿತು.